ತನಗೆ ತಾನೇ ಅಜ್ಜನಾದ ನಾಯಿ

ನಮ್ಮ ಸೋದರಮಾವನಿಗೆ ಆಗ ಎರಡೇ ಚಿಂತೆ. ಅವನ ಹೆಣ್ಣುನಾಯಿಗೆ ತಕ್ಕ ಗಂಡು ಸಿಗಬೇಕು, ಅವನ ಮಗನಿಗೆ ನಾನು ಸಿಗಬೇಕು. ಮೊದಲನೆಯದಕ್ಕೆ ಬೀಳಗಿ, ಜಮಖಂಡಿ ಅಂತ ಊರೂರು ಅಲೆಯುತ್ತಿದ್ದ. ಎರಡನೆಯದಕ್ಕೆ ಮುಧೋಳದಲ್ಲಿ ಬಸ್ಸು ಹತ್ತಿ, ಬನಹಟ್ಟಿಯ ನಮ್ಮ ಮನೆಗೆ ಬಂದು, ಅವ್ವನ ಕೈಯ ಚಹಾ ಕುಡಿದು ಹೋದರೆ ಸಾಕಿತ್ತು. ಅಕ್ಕನ ಮಗಳು ತಮ್ಮನ ಮನೆಗೆ ಸೊಸೆಯಾಗಿ ಬರುವುದು ಕೇಳಿ ಮಾಡುವ ಕೆಲಸ ಅಂತ ಅವರಿಬ್ಬರಿಗೂ ಅನಿಸಿರಲಿಲ್ಲ.

ಮಾವನ ಮಗ ಒಳ್ಳೆಯವನೇ. ಆದರೆ ಒಂದೇ ತಾಟಿನಲ್ಲಿ ಉಂಡು, ಒಂದೇ ಗೋಲಿಗೆ ಜಗಳಾಡಿ ಬೆಳೆದವರು ನಾವು. ಅವನನ್ನು ಗಂಡ ಅಂತ ನೆನೆಸಿಕೊಂಡರೆ ಮೊದಲು ನಗು ಬರುತ್ತಿತ್ತು, ಆಮೇಲೆ ಹೆದರಿಕೆ. ಬೇಡ ಅಂತ ಅವ್ವನಿಗೆ ಎರಡು ಸಲ ಹೇಳಿದೆ. ಅವ್ವ ಅದನ್ನು ನಾಚಿಕೆ ಅಂದುಕೊಂಡಳು. ದೀಪಾವಳಿ ಮುಗಿಯುತ್ತಲೇ ನಿಶ್ಚಯ ಅಂತ ಆಯಿತು.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬಿಡುವಿನಲ್ಲಿ ಇನ್ನೊಂದು ಚಟ. ಯಾವ ದೇಶದವರಾದರೂ ಒಳಗಿನ ಕೋಡ್ ತೆರೆದು ನೋಡಬಹುದಾದ, ತಪ್ಪು ತಿದ್ದಿ ಕಳಿಸಬಹುದಾದ ಡೇಟಾಬೇಸ್ ಒಂದಿತ್ತು. ಅದರ ಸಣ್ಣಪುಟ್ಟ ದೋಷಗಳನ್ನು ನಾನು ತಿದ್ದುತ್ತಿದ್ದೆ. ಮನೆಯಲ್ಲಿ ಇದಕ್ಕೆ ಪುಗಸಟ್ಟೆ ಕೆಲಸ ಅಂತ ಹೆಸರು.

ಆ ಪುಗಸಟ್ಟೆ ಕೆಲಸ ಮಾವನ ಕಿವಿಗೆ ಬಿತ್ತು. ಒಂದು ಭಾನುವಾರ ನಾಯಿಗಳ ವಂಶಾವಳಿ ಬರೆದ ಉದ್ದನೆಯ ವಹಿ ಹಿಡಿದು ಬಂದ.

"ಬೀಳಗಿ ಗಂಡುನಾಯಿ ನಮ್ಮ ಹೆಣ್ಣಿಗೆ ಏನರ ಸಂಬಂಧ ಆಗ್ತೈತೇನು ನೋಡವ್ವಾ. ರಕ್ತ ಒಂದ ಆತಂದ್ರ ಮರಿ ಉಳಿಯೂದಿಲ್ಲ."

ಹಿಂದಿನ ಸಲ ಹಾಗೇ ಆಗಿ ಮೂರು ಮರಿ ಸತ್ತಿದ್ದವು. ಮಾವ ಎರಡು ದಿನ ಊಟ ಬಿಟ್ಟಿದ್ದ. ಹೀಗಾಗಿ ನಾನೂ ಶ್ರದ್ಧೆಯಿಂದಲೇ ಎಲ್ಲ ನಾಯಿಗಳ ಹೆಸರು ಅದೇ ಡೇಟಾಬೇಸಿಗೆ ತುಂಬಿ, ಅಪ್ಪ-ಅವ್ವ ಯಾರು, ಅವರ ಅಪ್ಪ-ಅವ್ವ ಯಾರು ಅಂತ ಮೇಲಕ್ಕೆ ಹುಡುಕಲು ಹೇಳಿದೆ. ಕಂಪ್ಯೂಟರ್ ಹುಡುಕಿತು, ಹುಡುಕಿತು, ನಿಲ್ಲಲೇ ಇಲ್ಲ. ಪಕ್ಕದ ಮನೆಯ ಮಗ್ಗ ಊಟಕ್ಕೆ ನಿಂತಿತು. ಇದು ನಿಲ್ಲಲಿಲ್ಲ.

"ಭಾಳ ಹಿಂದಿನ ತನಕ ಹೋಗೇತಿ ಕಾಣತೈತಿ," ಅಂದ ಮಾವ, ಹೆಮ್ಮೆಯಿಂದ.

ಅದು ಹಿಂದಕ್ಕೆ ಹೋಗಿರಲಿಲ್ಲ, ಸುತ್ತು ಹೊಡೆಯುತ್ತಿತ್ತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಮಾವ ನಾಯಿಗಳಿಗೂ ಆ ಮರ್ಯಾದೆ ತಪ್ಪಿಸಿರಲಿಲ್ಲ. ಅಜ್ಜ ಕರಿಯ, ಮೊಮ್ಮಗನೂ ಕರಿಯ. ಕಂಪ್ಯೂಟರ್ ಪಾಲಿಗೆ ಇಬ್ಬರೂ ಒಬ್ಬನೇ, ಅಂದರೆ ಕರಿಯ ತನಗೆ ತಾನೇ ಅಜ್ಜ. ಹೆಸರು ನಂಬಬೇಡಿ, ಒಬ್ಬೊಬ್ಬರಿಗೂ ಬೇರೆ ನಂಬರು ಕೊಡಿ ಅಂತ ಕಾಲೇಜಿನಲ್ಲಿ ವಾರಕ್ಕೆರಡು ಸಲ ಬೋರ್ಡಿನ ಮೇಲೆ ಬರೆಯುವವಳು ನಾನು. ಅಜ್ಜಿಯ ಹೆಸರನ್ನೇ ಇಟ್ಟುಕೊಂಡು ಬೆಳೆದವಳಿಗೆ ಇದೊಂದು ತೊಡಕು ಅಂತ ಹೊಳೆದೇ ಇರಲಿಲ್ಲ.

ಮಾವನನ್ನು ಮುಂದಿನ ಭಾನುವಾರ ಬಾ ಅಂತ ಕಳಿಸಿ, ಡೇಟಾಬೇಸಿನವರಿಗೆ ದೂರು ಬರೆದೆ. ತನಗೆ ತಾನೇ ಅಜ್ಜನಾದ ನಾಯಿ ನಮ್ಮ ತಪ್ಪಲ್ಲ, ನಿಮ್ಮ ಮಾಹಿತಿ ತಿದ್ದಿಕೊಳ್ಳಿ ಅಂತ ಒಬ್ಬ ಮಹಾಶಯ ಉತ್ತರ ಕೊಟ್ಟ. ನಾಯಿ ನನ್ನ ತಪ್ಪು, ಗಿರಗಿರ ತಿರುಗುವುದು ನಿಮ್ಮದು ಅಂತ ಮಾರುತ್ತರ ಬರೆದೆ. ಸಿಟ್ಟಿನಲ್ಲೇ ಕೋಡಿಗೆ ಕೂತೆ. ಮೇಲಕ್ಕೆ ಹೋಗುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನೆನಪಿಟ್ಟುಕೊಳ್ಳಬೇಕು, ಸಿಕ್ಕವರೇ ಮತ್ತೆ ಸಿಕ್ಕರೆ ಅಲ್ಲಿಗೆ ನಿಂತು ಬಂದ ದಾರಿ ತೋರಿಸಬೇಕು. ಇಷ್ಟೇ ಕೆಲಸ, ಐದು ದಿನ ಹಿಡಿಯಿತು.

ಪರೀಕ್ಷೆ ಮಾಡಲು ಇನ್ನೊಂದು ದೊಡ್ಡ ವಂಶ ಬೇಕಾಯಿತು. ಅಜ್ಜ, ಮೊಮ್ಮಗ ಒಂದೇ ಹೆಸರಿನವರು ತುಂಬಿರುವ ವಂಶ. ಹುಡುಕುತ್ತ ದೂರ ಹೋಗಬೇಕಾಗಿರಲಿಲ್ಲ. ಅವ್ವ ಜೋಳ ಹಸನು ಮಾಡುತ್ತ ಐದು ತಲೆಮಾರು ಹೇಳಿದಳು, ನಾನು ಬರೆದುಕೊಂಡೆ. ಬರೀ ಹೆಸರಿನಿಂದ ಹುಡುಕಿಸಿದಾಗ ಸುತ್ತು ಸಿಕ್ಕಲ್ಲೇ ನಿಂತಿತು; ಆಮೇಲೆ ನಾಯಿಗಳಿಗೂ ನಮ್ಮವರಿಗೂ ನಂಬರು ಕೊಡಲು ಈ ಸಲ ಮರೆಯಲಿಲ್ಲ.

ಭಾನುವಾರ ಮಾವ ಬಂದ. ಬೀಳಗಿ ಗಂಡಿಗೂ ಅವನ ಹೆಣ್ಣಿಗೂ ಒಬ್ಬನೇ ಅಜ್ಜ ಅಂತ ಪರದೆ ತೋರಿಸಿತು. ಮಾವ ವಹಿ ಮುಚ್ಚಿದ.

"ಬ್ಯಾಡ."

ಮೂರು ತಿಂಗಳ ಅಲೆದಾಟ ಒಂದು ಮಾತಿನಲ್ಲಿ ಮುಗಿಯಿತು.

"ಇನ್ನೊಂದು ಜೋಡಿ ಐತಿ, ನೋಡ್ತಿಯೇನು ಮಾವಾ?" ಅಂದೆ. ಪರದೆಯ ಮೇಲೆ ಬರೀ ನಂಬರು. ಮಾವ ಬೆರಳಿಟ್ಟು ಎಣಿಸಿದ. ಗಂಡಿನಿಂದ ಹೊರಟರೂ ಹೆಣ್ಣಿನಿಂದ ಹೊರಟರೂ ನಾಲ್ಕು ದಾರಿ ಸುತ್ತಿ ಅದೇ ಹಿರಿಯರ ಹತ್ತಿರ ಬರುತ್ತಿತ್ತು.

"ಯಾಂವ ಲೇ ಇಂವಾ, ಇಂಥಾ ಜೋಡಿ ಮಾಡಾಂವ? ಇಂಥಾವನ ಕೈಯಾಗ ನಾಯಿ ಕೊಡಬಾರದು!"

ನಾನು ಒಂದು ಗುಂಡಿ ಒತ್ತಿದೆ. ನಂಬರುಗಳ ಜಾಗದಲ್ಲಿ ಹೆಸರು ಬಂದವು. ಕೆಳಗಿನ ಸಾಲಿನಲ್ಲಿ ಅವನ ಮಗನದು, ಅದರ ಪಕ್ಕ ನನ್ನದು.

ಮಾವ ಒಂದೊಂದೇ ಹೆಸರು ಓದಿದ. ಅವ್ವ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಳು. ಮಾವ ನಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ನೋಡಿ ನನ್ನ ತುಂಟತನವೆಲ್ಲ ಇಳಿದುಹೋಯಿತು. ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಮನುಷ್ಯ ಅವನು.

"ಇಷ್ಟೆಲ್ಲಾ ಮಾಡೂದ್ಕಿಂತ ಬಾಯಿಲೆ ಹೇಳಿದ್ರ ಆಗ್ತಿರಲಿಲ್ಲೇನವ್ವಾ?"

"ಎರಡ ಸಲ ಹೇಳಿದ್ನಿ, ಮಾವಾ."

ಅವನು ಅವ್ವನ ಕಡೆ ತಿರುಗಿದ. ಅವ್ವ ನೆಲ ನೋಡಿದಳು. ಮಾವ ಚಹಾ ತೆಗೆದುಕೊಂಡು, ಕುಡಿದು, ಕಪ್ಪು ಕೆಳಗಿಟ್ಟ.

"ಅಕ್ಕಾ," ಅಂದ, ನಾಯಿಯ ವಿಷಯದಲ್ಲಿ ಹೇಳಿದಷ್ಟೇ ಖಡಾಖಂಡಿತವಾಗಿ, "ಬ್ಯಾಡ."