ಎಡೆಗೆ ಬಂದ ಪಂಚೆ ಡಬ್ಬ

ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ತನ್ನ ಫೋನ್ ನಂಬರು ಹಾಕಿಸಿದ್ದೇ ಯಶೋಧ ಮಾಡಿದ ಮೊದಲ ತಪ್ಪು. ತಿಥಿ ಯಾವತ್ತು ಅಂತ ನೆಂಟರಿಷ್ಟರು ಕೇಳಿಕೊಳ್ಳಲಿ ಎಂದು ಹಾಕಿಸಿದ್ದಳು. ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡಿರುವ, ತೀರಿಕೊಂಡ ಸೋದರಮಾವ ಲಿಂಗಣ್ಣನ ಮನೆಯ ಕಾಂಪೌಂಡಿಗೇ ಅದನ್ನು ಕಟ್ಟಿದರು. ನೆಂಟರು ಓದಿದರೋ ಬಿಟ್ಟರೋ, ಮನೆ ಕೊಳ್ಳುವವರು ಮಾತ್ರ ಚೆನ್ನಾಗಿ ಓದಿದರು.

ಮೂರನೇ ದಿನ ಮಣ್ಣು ಮಾಡಿದ ಗುಡ್ಡೆಗೆ ಹಾಲುತುಪ್ಪ ಬಿಟ್ಟು ಬರುವಾಗಲೇ ಮೊದಲ ಫೋನು. ಯಾರೋ ಗಂಡಸು ಮನೆ ಎಷ್ಟಕ್ಕೆ ಕೊಡುತ್ತೀರಿ ಎಂದ, ಪೂರ್ತಿ ಕ್ಯಾಶು ಎಂದ. ರಾಂಗ್ ನಂಬರ್ ಇರಬೇಕು ಅಂತ ಯಶೋಧ ಇಟ್ಟುಬಿಟ್ಟಳು. ಸಂಜೆಯೊಳಗೆ ಇನ್ನೂ ನಾಲ್ಕು ಬಂದವು. ಒಬ್ಬನಂತೂ ಸತ್ತವರ ಹೆಸರಲ್ಲಿ ಖಾತೆ ಇದ್ದರೂ ಚಿಂತೆಯಿಲ್ಲ, ನಾವೇ ಎಲ್ಲಾ ಮಾಡಿಸಿಕೊಳ್ಳುತ್ತೇವೆ ಅಂತ ಧೈರ್ಯ ಬೇರೆ ಹೇಳಿದ. ಅಲ್ಲ, ಹೆಣದ ಮೇಲೆ ಹಾಕಿದ ಮಣ್ಣು ಇನ್ನೂ ಹಸಿ ಇದೆ, ಇವರಿಗೆ ನಾಚಿಕೆ ಮಾನ ಮರ್ಯಾದೆ ಏನಾದರೂ ಇದೆಯೇ? ಯಶೋಧ ಫೋನು ಸ್ವಿಚಾಫ್ ಮಾಡಿಬಿಟ್ಟಳು.

ಅವಳು ಸುಲಭಕ್ಕೆ ಹೆದರುವ ಹೆಂಗಸಲ್ಲ. ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಂಡಕ್ಟರು. ಕುಡಿದವರನ್ನು ಇಳಿಸಿದ್ದಾಳೆ, ಪುಢಾರಿಗಳ ಹತ್ತಿರ ಟಿಕೆಟ್ ದುಡ್ಡು ಕಕ್ಕಿಸಿದ್ದಾಳೆ. ಏಳು ವರ್ಷದವಳಿದ್ದಾಗ ತಾಯಿ ಹೋದಳು. ಸೈಕಲ್ ಶಾಪಿನ ಸೋದರಮಾವ ಲಿಂಗಣ್ಣ ತಾನು ಮದುವೆಯಾಗದೆ ಇವಳನ್ನು ಸಾಕಿದ, ಎಸ್ಸೆಸ್ಸೆಲ್ಸಿ ಮಾಡಿಸಿದ. ಕಟ್ಟಿಕೊಂಡವನು ಹೊಡೆಯುತ್ತಾನೆಂದು ಬಂದಾಗ ಒಂದು ಮಾತು ಕೇಳದೆ ಬಾಗಿಲು ತೆಗೆದ. ಸಾಯುವ ಮುಂಚೆ ಮನೆಯನ್ನು ಅವಳ ಹೆಸರಿಗೆ ವಿಲ್ ಮಾಡಿ ರಿಜಿಸ್ಟರು ಮಾಡಿಸಿದ್ದ. ಇವಳಿಗೆ ನಾಗಮಂಗಲದಲ್ಲಿ ಒಂದು ಬಾಡಿಗೆ ರೂಮು ಬಿಟ್ಟರೆ ಇನ್ನೊಂದು ಗತಿಯಿಲ್ಲ. ರಿಟೈರಾದ ಮೇಲೆ ತಲೆ ಇಡಲು ಇರುವುದು ಈ ಮನೆಯೊಂದೇ.

ಹನ್ನೊಂದನೇ ದಿನ ತಿಥಿ. ಲಿಂಗಣ್ಣನ ಫೋಟೋ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ನಾಟಿ ಕೋಳಿ ಸಾರು, ಅವನು ಸೇದುತ್ತಿದ್ದ ಬೀಡಿ ಕಟ್ಟು, ಯಾವುದೂ ಬಿಟ್ಟಿರಲಿಲ್ಲ. ಆಗ ಬಿಳಿ ಶರ್ಟಿನವನೊಬ್ಬ ಬಂದ, ಹೆಸರು ತಿಮ್ಮರಾಜು ಅಂದ, ಲಿಂಗಣ್ಣ ಬಲು ಬೇಕಾದವರು ಅಂದ. ಕಣ್ಣೊರೆಸಿಕೊಂಡ ಕೂಡ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಜವಳಿ ಅಂಗಡಿಯ ಪಂಚೆ ಡಬ್ಬ. ಎಡೆಗೆ ಅಂತ ಬಂದದ್ದನ್ನು ಬೇಡ ಅನ್ನುವಂತಿಲ್ಲ. ಬಿಚ್ಚುವಂತೆಯೂ ಇಲ್ಲ, ಸತ್ತವರ ಹೊಸ ಬಟ್ಟೆಯ ಮಡಿಕೆ ಮನೆಯವರು ಮುರಿಯಬಾರದು. ಯಶೋಧ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡಳು. ಪಕ್ಕದಲ್ಲಿ ಅವನ ಡ್ರೈವರು ಮೊಬೈಲು ಹಿಡಿದು ನಿಂತಿದ್ದ. ಈಗ ಯಾರು ತಾನೆ ಮೊಬೈಲು ಹಿಡಿಯುವುದಿಲ್ಲ?

ಊಟವಾದ ಮೇಲೆ ಪದ್ಧತಿಯಂತೆ ಎಡೆಯ ಬಟ್ಟೆಯನ್ನೆಲ್ಲ ಗುಂಡಿ ತೋಡಿದ ಕರಿಯಯ್ಯನಿಗೆ ಕೊಟ್ಟಳು. ಡಬ್ಬವೂ ಅವನ ಚೀಲಕ್ಕೆ ಹೋಯಿತು.

ಹದಿನೈದು ದಿನಕ್ಕೆ ತಿಮ್ಮರಾಜು ಮತ್ತೆ ಬಂದ. ಅಂದು ಅವಳಿಗೆ ವಾರದ ರಜ, ಮಾವನ ಮನೆ ಗುಡಿಸಲು ಬಂದಿದ್ದಳು. ಅವನು ಜಗುಲಿಯ ಮೇಲೆ ಕೂತು ಮನೆ ಮಾರಾಟದ ಅಗ್ರಿಮೆಂಟು ಬಿಡಿಸಿ, ಪೆನ್ನು ತೆಗೆದು ಮುಂದೆ ಇಟ್ಟ.

“ಅಡ್ವಾನ್ಸ್ ಇಸ್ಕಂಡಿದ್ದೀರಲ್ಲಕ್ಕ. ಒಂದು ಲಕ್ಷ. ಪಂಚೆ ಡಬ್ಬದೊಳ್ಗೆ ಇತ್ತು.”

ವೀಡಿಯೋ ತೋರಿಸಿದ. ಅದರಲ್ಲಿ ಯಶೋಧಳೇ, ತಲೆಯ ಮೇಲೆ ಸೆರಗು, ಎಲೆ ಅಡಿಕೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ. ಈ ಸೀಮೆಯಲ್ಲಿ ಹಂಗೆ ತಟ್ಟೆ ಹಿಡಿದರೆ ಮಾತು ಕೊಟ್ಟಂತೆಯೇ, ಯಾವ ಪಂಚಾಯ್ತಿಗೆ ಹೋದರೂ ಅಷ್ಟೇ ಎಂದ. ಸಹಿ ಹಾಕದಿದ್ದರೆ ಅಡ್ವಾನ್ಸು ಡಬಲ್ ಮಾಡಿ ಎರಡು ಲಕ್ಷ ಇಡಬೇಕು, ಅದೂ ಇವತ್ತೇ.

ಯಶೋಧಳಿಗೆ ಭೂಮಿ ಬಾಯಿಬಿಟ್ಟಂತಾಯಿತು. ಇದ್ದಬದ್ದ ಪಿ.ಎಫ್. ಸಾಲವೆಲ್ಲ ಮಾವನ ಆಸ್ಪತ್ರೆಗೆ ಸುರಿದಾಗಿತ್ತು. ಎದುರುಮನೆಯವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಅವಳು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಕರಿಯಯ್ಯನ ಮನೆ ಕಡೆ ಓಡಿದಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಕುದಿತ. ಒಂದು ಲಕ್ಷ ಸಿಕ್ಕಿದೆ, ಮುದುಕ ಬಾಯಿ ಬಿಟ್ಟಿಲ್ಲ. ಸದ್ಯ ಖರ್ಚು ಮಾಡದೆ ಇಟ್ಟಿದ್ದರೆ ಸಾಕಪ್ಪ. ಮನೆ ಜಾಲಾಡಿಸಬೇಕು, ಪೊಲೀಸ್ ಅನ್ನಬೇಕು. ಅಷ್ಟೂ ಮಾತು ನಾಲಿಗೆ ತುದಿಗೆ ತಂದುಕೊಂಡೇ ಹೋದಳು. ಕರಿಯಯ್ಯ ಮನೆ ಮುಂದೆ ಕೂತು ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದ. ಇವಳ ಮುಖ ನೋಡಿ ಎದ್ದು ನಿಂತ. ಡಬ್ಬದೊಳಗೆ ದುಡ್ಡಿತ್ತಂತೆ ಎಂದಷ್ಟೇ ಅವಳ ಬಾಯಿಂದ ಬಂತು.

“ಊ ಕಣವ್ವ, ಇತ್ತು. ಅವತ್ತೇ ಸಂಜ್ಗೆ ಅವನ್ಗೇ ಕೊಟ್ಬುಟ್ನಲ್ಲ. ಒಳ್ಗೆ ಅವನ್ದೇ ಕಾರ್ಡಿತ್ತು. ಮೊಮ್ಮಗನ್ ಕೈಲಿ ಪೋನ್ ಮಾಡ್ಸುದ್ರೆ ಕಾರಲ್ಲಿ ಬಂದ. ಡೈರಿ ಮುಂದೆ, ಆಲು ಆಕಕ್ಕೆ ಬಂದಿದ್ದೋರೆಲ್ಲಾರ ಎದುರ್ಗೇ ಎಣಿಸ್ಕಂಡು ವೋದ.” ಅವನು ಕೈ ಕೊಡವಿಕೊಂಡು, “ನಿಂಗೆ ನಾನೇ ಏಳ್ತೀನಿ, ದುಕ್ಕದಲ್ಲವ್ಳೆ, ನೀನು ಏಳ್ಬ್ಯಾಡ ಅಂದ. ಏಳ್ಲಿಲ್ವಾ ಅವ್ನು?” ಎಂದ.

ದುಡ್ಡು ವಾಪಸು ಇಸಿದುಕೊಂಡು, ಅದೇ ದುಡ್ಡಿಗೆ ಎರಡರಷ್ಟು ಕೇಳುತ್ತಾನಲ್ಲ! ಇಂಥವರೂ ಅನ್ನ ತಿನ್ನುತ್ತಾರಾ ಎಂದು ಯಶೋಧಳಿಗೆ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ನಾಲಿಗೆ ತುದಿಗೆ ತಂದುಕೊಂಡಿದ್ದ ಮಾತುಗಳು ಈಗ ಅವಳನ್ನೇ ಚುಚ್ಚಿದವು. ನಾಚಿಕೆಯಿಂದ ಮುದುಕನ ಮುಖ ನೋಡಲಾಗಲಿಲ್ಲ. ನಾನು ನಿನ್ನನ್ನೇ ಅನುಮಾನ ಮಾಡಿಕೊಂಡು ಬಂದೆ ಎಂದು ಹೇಳಿಯೇಬಿಟ್ಟಳು. ಅವನು ಗುದ್ದಲಿ ಒಳಗಿಟ್ಟು, ಹೆಗಲಿಗೆ ಟವಲು ಹಾಕಿಕೊಂಡು, ನಡಿ ಎಂದ.

ಜಗುಲಿಯ ಮೇಲೆ ತಿಮ್ಮರಾಜು ಎಳನೀರು ಕುಡಿಯುತ್ತಿದ್ದ. ಕರಿಯಯ್ಯ ಬೀದಿಯಲ್ಲಿ ನಿಂತೇ, ಎದುರುಮನೆಯವರಿಗೂ ಕೇಳುವಂತೆ, ಡೈರಿ ಮುಂದೆ ನಡೆದದ್ದನ್ನು ಮೊದಲಿಂದ ಕೊನೆವರೆಗೆ ಹೇಳಿದ. ಈಗಲಾದರೂ ಇವನು ತಲೆ ತಗ್ಗಿಸುತ್ತಾನೆ, ಬೆವರುತ್ತಾನೆ, ಕನಿಷ್ಠ ಸುಳ್ಳಾದರೂ ಹೇಳುತ್ತಾನೆ ಎಂದು ಯಶೋಧ ಕಾದಳು. ತಿಮ್ಮರಾಜು ಬುರುಡೆ ಕೆಳಗಿಟ್ಟು ಬಾಯೊರೆಸಿಕೊಂಡ. ಅಗ್ರಿಮೆಂಟು ಮಡಿಸಿ ಜೇಬಿಗಿಟ್ಟು, ಕಾರಿನಿಂದ ಇನ್ನೊಂದು ಕವರು ತರಿಸಿದ.

“ಓಗ್ಲಿ ಬುಡಿ ಅಕ್ಕ, ಅದು ಮುಗೀತು. ರೇಟಲ್ಲಿ ಇನ್ನೈದು ಲಕ್ಷ ಜಾಸ್ತಿ ಆಕ್ತೀನಿ. ಇದು ಹೊಸ ಅಡ್ವಾನ್ಸು, ಇಡ್ಕಳಿ,” ಎಂದು ಕವರು ಚಾಚಿದ.

ಯಶೋಧ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟಳು, ಸಣ್ಣ ಹುಡುಗಿಯ ಹಾಗೆ. ಅದನ್ನು ಕಂಡು ಕರಿಯಯ್ಯ ಮೆಟ್ಟಿಲು ಹತ್ತಿದ. ಈ ಮನೆಯ ಮೆಟ್ಟಿಲನ್ನು ಅವನು ಯಾವತ್ತೂ ಹತ್ತಿದವನಲ್ಲ. ಬಂದು ಇಬ್ಬರ ನಡುವೆ ನಿಂತ.

“ಮ್ಯಾಕ್ಕೆದ್ದು ವೋಗಪ್ಪ,” ಎಂದ. “ಮನೆ ಕಾಲಿ ಬಿದ್ದಿಲ್ಲ, ಇಲ್ಲಿ ಜನ ಅವ್ರೆ.”