ನನ್ನನ್ನು ಕೋರ್ಟಿಗೆ ಎಳೆದ ಜೂಲಿ ಬಾಯಿ

ಜೂಲಿ ಬಾಯಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅವರು ಮೆತ್ತಗೆ ಮಾತಾಡತೊಡಗಿದರೆ ದುಬೈಯ ಅಲ್ ಕುಸೈಸ್‌ನಲ್ಲಿ ಅವರು ನರ್ಸ್ ಆಗಿದ್ದ ಕ್ಲಿನಿಕ್ಕಿನ ಡಾಕ್ಟರೇ ಜಾಗ ಖಾಲಿ ಮಾಡುತ್ತಿದ್ದರು. ಹೆಸರು, ನಂಟು, ಕ್ಲಿನಿಕ್ಕು ಎಲ್ಲ ಇಲ್ಲಿ ಬದಲಿಸಿದ್ದೇನೆ. ತಡವಾಗಿಯಾದರೂ ನನಗೆ ಬುದ್ಧಿ ಬಂದಿದೆ.

ಒಮ್ಮೆ ಜೆಬೆಲ್ ಅಲಿಯ ನಮ್ಮ ಗೋದಾಮಿನ ಮ್ಯಾನೇಜರ್ ಕ್ಲಿನಿಕ್ಕಿಗೆ ಫೋನು ಮಾಡಿ, ರಜೆ ಹಾಕಿದ ಕೆಲಸಗಾರನಿಗೆ ಏನು ಕಾಯಿಲೆ ಎಂದು ಕೇಳಿದ. ನಾನು ಎದುರಿಗೇ ಕೂತಿದ್ದೆ. "ಮಾಫಿ, ಹೇಳುದಿಲ್ಲ. ಕಾಯಿಲೆ ಅವನದ್ದು, ನಿಮ್ಮ ಕಂಪೆನಿಯದ್ದಲ್ಲ," ಎಂದು ಬಾಯಿ ಫೋನಿಟ್ಟು ನನ್ನ ತೋಳಿಗೆ ಸೂಜಿ ಚುಚ್ಚಿದರು.

ಅಂಥವರ ಮನೆಯ ಸುದ್ದಿಯನ್ನೇ, ಗೊತ್ತಿಲ್ಲದೆ, ನಾನು ಬರೆದೆ. ಶುಕ್ರವಾರದ ರಜೆಯಲ್ಲಿ ಊರಿನ ವೆಬ್‌ಸೈಟೊಂದಕ್ಕೆ ಸುದ್ದಿ ಬರೆಯುವ ಚಟ ನನಗೆ. ಬಾಯಿಯ ತಂಗಿಯ ಮಗಳು ಊರಲ್ಲಿ ದೊಡ್ಡ ಮನುಷ್ಯನೊಬ್ಬನ ಮೇಲೆ ದೌರ್ಜನ್ಯದ ದೂರು ಕೊಟ್ಟಿದ್ದಳು. ಅವಳ ಗುರುತು ಎಲ್ಲೂ ಬರಬಾರದೆಂದು ಹೈಕೋರ್ಟಿನ ಆದೇಶವಿತ್ತು. ಚರ್ಚಿನ ಯಾವ ವಾಳೆಯವಳು, ಅಂದರೆ ಯಾವ ವಾರ್ಡಿನವಳು, ದೊಡ್ಡಮ್ಮ ದುಬೈಯಲ್ಲಿ ನರ್ಸ್, ಇಷ್ಟೇ ಬರೆದು ಜಾಣನಾದೆ. ಯಾರ ದೊಡ್ಡಮ್ಮ ಎಂದು ವಿಚಾರಿಸುವ ಗೋಜಿಗೂ ಹೋಗಲಿಲ್ಲ.

ಎರಡು ದಿನ ಬಿಟ್ಟು ಬಾಯಿ ನನ್ನ ಕೋಣೆಯ ಬಾಗಿಲು ತಟ್ಟಿದರು.

"ಹೆಸರು ಹಾಕಲಿಲ್ಲ ಅಲ್ವಾ ಬಾಯಿ," ಎಂದೆ.

"ಹೆಸರು ಯಾರಿಗೆ ಬೇಕು ಮಾರಾಯ? ಆ ವಾಳೆಯಲ್ಲಿ ಇರುದೇ ಇಪ್ಪತ್ತು ಮನೆ. ದುಬೈಯಲ್ಲಿ ನರ್ಸ್ ಇರುದು ಒಂದೇ ಮನೆಯವಳು. ಜನ ಅಂಗಳದಲ್ಲಿ ಬಂದು ನಿಲ್ತಾರೆ. ಹುಡುಗಿ ಕೇಸು ವಾಪಸ್ ತೆಗೀತೇನೆ ಅಂತಾಳೆ. ಅವಳನ್ನು ತೆಗೀಲಿಕ್ಕೆ ಬಿಡುದಿಲ್ಲ. ನಿನ್ನನ್ನೂ ಬಿಡುದಿಲ್ಲ."

ಬಿಡಲೂ ಇಲ್ಲ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿಸಿದರು. ಸಂಪಾದಕರಿಗೂ ನನಗೂ ನೋಟಿಸು ಬಂತು. ದುಬೈಯಲ್ಲಿದ್ದ ನಮ್ಮೂರವರೆಲ್ಲ ರಾಜಿಗೆ ಕೂತರು. ವೆಬ್‌ಸೈಟಿನಲ್ಲಿ ದೊಡ್ಡದಾಗಿ ಕ್ಷಮೆ ಹಾಕಿಸುತ್ತೇವೆ ಎಂದರು. "ಯಾರ ಹತ್ರ ಕ್ಷಮೆ ಅಂತ ಬರೀತೀರಿ?" ಎಂದು ಬಾಯಿ ಕೇಳಿದರು. ಹೆಸರು ಹಾಕಿದರೆ ಮತ್ತೆ ಅದೇ ತಪ್ಪು; ರಾಜಿ ಅಲ್ಲಿಗೇ ಮುರಿಯಿತು. ಕೋರ್ಟಿಗೆ ಹೋಗಲು ಕ್ಲಿನಿಕ್ಕು ರಜೆ ಕೊಡಲಿಲ್ಲ. ಹದಿನಾಲ್ಕು ವರ್ಷದ ಕೆಲಸಕ್ಕೆ ಖಲಾಸ್ ಹೇಳಿ ಬಾಯಿ ವಿಮಾನ ಹತ್ತಿದರು.

ಬೆಂಗಳೂರಿನ ಕೋರ್ಟಿನಲ್ಲಿ ನಾನು ಕೈಮುಗಿದು ತಪ್ಪೊಪ್ಪಿಕೊಂಡೆ. ನ್ಯಾಯಾಧೀಶರು ಬರಹ ಅಳಿಸಲು ಹೇಳಿ, ಛೀಮಾರಿ ಹಾಕಿ, ಕ್ಷಮೆ ಒಪ್ಪಿಕೊಂಡರು. ಹೊರಗೆ ಬಂದರೆ ಬಾಯಿಯ ಪಕ್ಕ ಆ ಹುಡುಗಿ ನಿಂತಿದ್ದಳು. ಅವಳು ಕೇಸು ವಾಪಸ್ ತೆಗೆದಿರಲಿಲ್ಲ.

"ಕೋರ್ಟು ಕ್ಷಮಿಸಿತು. ನೀವೂ ಕ್ಷಮಿಸಿ ಬಾಯಿ," ಎಂದೆ.

"ನಾನು ಯಾರು ಕ್ಷಮಿಸಲಿಕ್ಕೆ? ಅವಳ ಹತ್ರ ಕೇಳು."

ಕೇಳಿದೆ. ಹುಡುಗಿ ನನ್ನ ಮುಖವನ್ನೇ ನೇರ ನೋಡಿ, "ಇಲ್ಲ," ಎಂದಳು.

ಬಾಯಿ ಗಟ್ಟಿಯಾಗಿ ನಕ್ಕುಬಿಟ್ಟರು. ದುಬೈಯಲ್ಲಿ ಒಮ್ಮೆಯೂ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಹುಡುಗಿಯ ಹೆಗಲ ಮೇಲೆ ಕೈಹಾಕಿ ಮೆಟ್ಟಿಲಿಳಿದು ಹೋದರು. ಆಮೇಲೆ ನಾನು ಅವರನ್ನು ನೋಡಿಲ್ಲ.