ಡಿಸ್ಕಿಗೆ ಇಳಿಯದ ಹೆಸರುಗಳು

ನಮ್ಮ ಅತ್ತಿಗೆ ದೊಡ್ಡಾಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಕಿಟಕಿಯಿಲ್ಲದ ಕೋಣೆ, ಗುಂಯ್‌ಗುಡುವ ಫ್ಯಾನು, ಒಂದು ಕಾಲು ಅಲ್ಲಾಡುವ ಕುರ್ಚಿ. ರಜೆ ಹಾಕಿದರೆ ಫೋನು, ಊಟಕ್ಕೆ ಕೂತರೆ ಫೋನು. "ಜೈಲಲ್ಲಿರೋರಿಗಾದ್ರೂ ಬಿಡುಗಡೆ ಅಂತ ಒಂದಿರುತ್ತೆ ಅತ್ತಿಗೆ" ಎಂದು ರೇಗಿಸಿದರೆ ನಗುತ್ತಿದ್ದರು. ಈಗ ನಗುವುದಿಲ್ಲ.

ಅವರನ್ನು ಹಿಡಿದು ಹಾಕಿರುವುದು ಡಿಸ್ಕ್ ಕ್ಯಾಶ್ ಎನ್ನುವ ಒಂದು ಏರ್ಪಾಡು. ಕೌಂಟರಿನಲ್ಲಿ ಕೂತವರು ರೋಗಿಯ ವಿವರ ಒತ್ತಿದ ಕೂಡಲೇ ಪರದೆ 'ಉಳಿಸಲಾಗಿದೆ' ಎನ್ನುತ್ತದೆ. ಶುದ್ಧ ಸುಳ್ಳು! ಡಿಸ್ಕಿಗೆ ಬರೆಯುವುದು ನಿಧಾನದ ಕೆಲಸ. ಅದಕ್ಕೇ ಯಂತ್ರ ಎಲ್ಲವನ್ನೂ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಪುರುಸೊತ್ತಾದಾಗ ಒಟ್ಟಿಗೆ ಇಳಿಸುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದೆಲ್ಲ ಗೋವಿಂದ. ಆಗ ಯಂತ್ರವನ್ನು ನಡೆಸಬೇಕಾದ ಬ್ಯಾಟರಿ ಕೈಕೊಟ್ಟು ಎಷ್ಟೋ ಕಾಲವಾಯಿತು. ಹೊಸದು ಬರುತ್ತದೆ, ಬರುತ್ತದೆ ಎಂದು ಮೇಲಿನವರು ಮೂಗಿಗೆ ತುಪ್ಪ ಸವರುತ್ತಲೇ ಇದ್ದಾರೆ.

ಹಾಗೆ ಅಳಿಸಿಹೋದದ್ದರಲ್ಲಿ ಒಬ್ಬ ಹೆಂಗಸಿನ ವಿವರವೂ ಇತ್ತು. ಅವಳಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲ ಎಂದು ಅದರಲ್ಲಿತ್ತು. ಅದನ್ನೇ ಕೊಟ್ಟರು. ಜೀವವೇನೋ ಉಳಿಯಿತು, ಆದರೆ ಅವಳು ಉಸಿರಿಗಾಗಿ ಒದ್ದಾಡಿದ್ದನ್ನು ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. ಮರುದಿನವೇ ಯಂತ್ರದ ರೀತಿ ಬದಲಿಸಿದರು: ವಿವರ ಡಿಸ್ಕಿಗೆ ಇಳಿದ ಮೇಲೆಯೇ ಪರದೆ ಬಾಯಿ ಬಿಡಬೇಕು.

ಸುಳ್ಳು ನಿಂತಿತು, ಸಾಲು ಬೆಳೆಯಿತು. ಹಳೇ ಡಿಸ್ಕು ತೆವಳತೊಡಗಿತು. ಆ ಸಾಲಿನಲ್ಲಿ ಮಂಡಿನೋವಿನ ನಮ್ಮಪ್ಪನೂ ನಿಂತಿದ್ದರು, ಜೊತೆಗೆ ನಾನು. ಅಪ್ಪನ ಬಾಯಿ ಸುಮ್ಮನಿರುವಂಥದ್ದಲ್ಲ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆ ಕಡೆ ಬಂದದ್ದೇ ತಡ, ಹಿಡಿದು ನಿಲ್ಲಿಸಿದರು.

"ಏನ್ರೀ ಇದು, ಮೊದ್ಲು ಎಷ್ಟು ಬೇಗ ಆಗ್ತಿತ್ತು! ಈಗ ಇಲ್ಲಿ ನಿಂತ್ಕೊಂಡೇ ಸಾಯ್ಬೇಕಾ ನಾವು?"

ಇಡೀ ಸಾಲು ಅಪ್ಪನಿಗೆ ದನಿಗೂಡಿಸಿತು. ಇದು ಅವರ ಸೊಸೆಯೇ ಮಾಡಿದ ಬದಲಾವಣೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಸಂಜೆಯೊಳಗೆ ಅತ್ತಿಗೆಗೆ ಅಪ್ಪಣೆಯಾಯಿತು: ಮೊದಲಿನಂತೆ ಮಾಡಿ, ಇಲ್ಲವೇ ಬೇರೆಯವರ ಕೈಲಿ ಮಾಡಿಸುತ್ತೇವೆ. ಅವರು ಮಾಡಿ ಬಂದರು. ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಡುವೆ ಏನೂ ದಾರಿ ಇಲ್ವಾ ಅತ್ತಿಗೆ? ಆಗಾಗ ಇಳಿಸೋ ಹಾಗೆ?"

"ಅರ್ಧ ನಿಮಿಷಕ್ಕೊಂದ್ಸಲ ಇಳಿಸೋ ಹಾಗೆ ಇಟ್ಟು ಬಂದಿದೀನಿ. ಆ ಅರ್ಧ ನಿಮಿಷದಲ್ಲೂ ಯಾರದೋ ಒಬ್ಬರ ಹೆಸರು ಇದ್ದೇ ಇರುತ್ತಲ್ಲ."

"ಹಾಗಾದ್ರೆ ಬಿಟ್ಟಾಕಿ ಈ ಕೆಲಸ."

"ನಾನು ಬಿಟ್ರೆ, ಬರೋರು ಇಷ್ಟೂ ಮಾಡಲ್ಲ."

ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅತ್ತಿಗೆ ಅವರ ಪಕ್ಕ ನೀರಿನ ಲೋಟ ಇಟ್ಟರು.

"ಮಾವ, ನಾಳೆಯಿಂದ ಬೇಗ ಆಗುತ್ತೆ. ಆದ್ರೆ ನೀವು ಪರದೆ ನಂಬ್ಬೇಡಿ. ನಿಮಗೆ ಯಾವ ಮಾತ್ರೆ ಆಗಲ್ಲ ಅಂತ ಡಾಕ್ಟ್ರಿಗೆ ಬಾಯಲ್ಲೂ ಒಂದ್ಸಲ ಹೇಳ್ಬಿಡಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

"ನನ್ನ ಹಿಂದೆ ಅಷ್ಟು ಜನ ನಿಂತಿದ್ರಲ್ಲ, ಅವರಿಗೆ ಯಾರಮ್ಮ ಹೇಳ್ತಾರೆ?"

ಅತ್ತಿಗೆ ನಮ್ಮೆದುರಿಗೇ ಅತ್ತುಬಿಟ್ಟರು.